ಬಿಡು, ಬಿಡೋ

ನಮ್ಮ ಕಡೆ ಗಾಡಿ ಓಡಿಸುವುದಕ್ಕೆ ಗಾಡಿ ಬಿಡುವುದು ಎನ್ನುತ್ತಾರೆ. ಜೀಪು ಚೆನ್ನಾಗಿ ಬಿಡ್ತಾನೆ ಎಂದರೆ ಅದು ದೊಡ್ಡ ಹೊಗಳಿಕೆ. ನಾನು ಬಹಳ ವರ್ಷ ರೇಸಿನಲ್ಲಿ ಕಾರು ಬಿಟ್ಟವನು. ಈಗ ಕೊಪ್ಪದಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡು, ಸೆಕೆಂಡ್ ಗೇರು ಹಾಕಲು ಹೆದರುವ ಮೇಷ್ಟ್ರುಗಳಿಗೆ ಬ್ರೇಕ್ ಹಿಡಿಯುವುದನ್ನು ಕಲಿಸುತ್ತೇನೆ. ನಗುವವರು ನಗಲಿ.

ರಸ್ತೆಯನ್ನು ನನಗೆ ಕಲಿಸಿದವಳು ಅಕ್ಕ. ನನಗಿಂತ ಐದು ವರ್ಷ ದೊಡ್ಡವಳು. ಅಪ್ಪನಿಗೆ ಕಮ್ಮರಡಿಯಲ್ಲಿ ಜೀಪು ರಿಪೇರಿ ಮಾಡುವ ಶೆಡ್ ಇತ್ತು. ನಾವಿಬ್ಬರೂ ಓದಲು ಬಸ್ಸಿನಲ್ಲಿ ಕೊಪ್ಪಕ್ಕೆ ಹೋಗುತ್ತಿದ್ದೆವು. ದಾರಿಯಲ್ಲಿ ನಮಗೊಂದು ಆಟ: ಕಣ್ಣು ಮುಚ್ಚಿಕೊಂಡು ಮುಂದಿನ ತಿರುವು ಯಾವ ಕಡೆಗೆ ಅಂತ ಹೇಳಬೇಕು. ತಪ್ಪಿದವರು ಕಿಟಕಿ ಸೀಟು ಬಿಟ್ಟುಕೊಡಬೇಕು. ನನಗೆ ಕಿಟಕಿ ಸಿಕ್ಕಿದ್ದು ಅವಳಿಗೆ ಜ್ವರ ಬಂದು ರಜೆ ಹಾಕಿದ ದಿನಗಳಲ್ಲಿ ಮಾತ್ರ. ಎಡ, ಮೋರಿ, ಬಲ, ಮತ್ತೆ ಬಲ ಎಂದು ತುಟಿಯಲ್ಲೇ ಹೇಳಿಕೊಂಡು ಹೋಗುತ್ತಿದ್ದಳು. ಕಂಡಕ್ಟರು ಮೊದಮೊದಲು ಅವಳು ಮಂತ್ರ ಹೇಳುತ್ತಿದ್ದಾಳೆ ಅಂದುಕೊಂಡಿದ್ದ.

ನಾನು ಕಾಫಿ ತೋಟದ ಮಣ್ಣು ರಸ್ತೆಗಳ ರ‍್ಯಾಲಿಗೆ ಇಳಿದಾಗ ಪಕ್ಕದ ಸೀಟಿಗೆ ಬೇರೆ ಯಾರನ್ನೂ ಹುಡುಕಲಿಲ್ಲ. ರ‍್ಯಾಲಿಯಲ್ಲಿ ಎಡಗಡೆ ಕೂತವರು ದಾರಿಯನ್ನು ಮೊದಲೇ ನೋಡಿ ಬರೆದುಕೊಂಡು, ಓಡುವಾಗ ಒಂದೊಂದೇ ತಿರುವನ್ನು ಹೆಲ್ಮೆಟ್ಟಿನ ಮೈಕಿನಲ್ಲಿ ಓದುತ್ತಾ ಹೋಗಬೇಕು. ಎಲ್ಲರೂ ಇಂಗ್ಲಿಷಿನಲ್ಲಿ ಓದಿದರೆ ನಮ್ಮ ಕಾರಿನಲ್ಲಿ ಕನ್ನಡ. ಎಡ ಸಣ್ಣ, ಹಿಡಿ. ಬಲ ದೊಡ್ಡ, ಬಿಡು. ಸಣ್ಣ ಎಂದರೆ ಬಿಗಿ ತಿರುವು, ದೊಡ್ಡ ಎಂದರೆ ಅಗಲದ ತಿರುವು. ಹಿಡಿ ಎಂದರೆ ಬ್ರೇಕು. ಬಿಡು ಎಂದರೆ ಪೂರ್ತಿ ವೇಗ. ಭಾನುವಾರ ಬೆಳಿಗ್ಗೆ ಅಪ್ಪನ ಜೀಪಿನಲ್ಲಿ ಮೇಗುಂದದ ರಸ್ತೆಗೆ ಹೋಗಿ ಇದನ್ನೇ ಅಭ್ಯಾಸ ಮಾಡುತ್ತಿದ್ದೆವು. ಮನೆಯಲ್ಲಿ ಅವಳ ಬಾಯಲ್ಲಿ ಓ ಇಲ್ಲದ ಮಾತೇ ಇರಲಿಲ್ಲ. ಬಾರೋ, ತಿನ್ನೋ, ಏಳೋ ಎನ್ನುತ್ತಿದ್ದಳು. ಕಾರಿನೊಳಗೆ ಮಾತ್ರ ಆ ಓ ಇಲ್ಲ. "ನೋಟ್ಸಲ್ಲಿ ತಮ್ಮ ಗಿಮ್ಮ ಎಲ್ಲ ಇಲ್ಲ ಮಾರಾಯ, ನೀ ಬರೀ ಡ್ರೈವರು" ಎಂದು ನಗುತ್ತಿದ್ದಳು.

ನಾವು ಗೆದ್ದೆವು, ಮತ್ತೆ ಗೆದ್ದೆವು. ಹೊರಗಿನ ಒಂದು ದೊಡ್ಡ ಟೀಮು ನಮ್ಮಿಬ್ಬರನ್ನೂ ಕರೆಯಿತು.

ಆ ಟೀಮಿನ ಎರಡನೆಯ ರ‍್ಯಾಲಿಯಲ್ಲಿ ಮೊದಲ ಸ್ಥಾನಕ್ಕೆ ಎರಡು ಸೆಕೆಂಡು ಹಿಂದಿದ್ದೆವು. ಒಂದು ಇಳಿಜಾರಿನಲ್ಲಿ ಅಕ್ಕ ಪುಸ್ತಕ ನೋಡಿ ಓದಿದಳು: ಬಲ ದೊಡ್ಡ, ಬಿಡು. ನಾನು ಬಿಟ್ಟೆ. ತಕ್ಷಣ ಅವಳು ತಲೆ ಎತ್ತಿದಳು. ನಮಗಿಂತ ಮೊದಲು ಹೋದ ಕಾರೊಂದು ತಿರುವಿನಲ್ಲಿ ಕೆಸರೆಬ್ಬಿಸಿ ಜಾರಿದ ಗುರುತು ಅವಳಿಗೆ ಕಂಡಿತು. "ಬಿಡೋ! ಬಿಡೋ!" ಎಂದು ಕೂಗಿದಳು.

ಚಿಕ್ಕವನಿದ್ದಾಗ ನಾನು ಬೆಕ್ಕಿನ ಬಾಲ ಹಿಡಿದರೆ, ಅವಳ ಜಡೆ ಹಿಡಿದು ಎಳೆದರೆ ಹೀಗೇ ಕೂಗುತ್ತಿದ್ದಳು. ಬಿಡೋ ಎಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆ ಅಂತ. ಪುಸ್ತಕದ ಬಿಡು ಬೇರೆ, ಅಕ್ಕನ ಬಿಡೋ ಬೇರೆ. ಒಂದು ಓಕಾರದಲ್ಲಿ ನನಗೆ ಎಲ್ಲ ಅರ್ಥವಾಯಿತು. ಕಾಲು ತೆಗೆಯುವಷ್ಟು ಸಮಯವೂ ಇತ್ತು. ಎರಡೇ ಸೆಕೆಂಡಿನ ಅಂತರ ಎಂದುಕೊಂಡು ಕಾಲು ಒತ್ತಿಯೇ ಇಟ್ಟೆ. ಕಾರು ಜಾರಿ ಎಡಗಡೆಯಿಂದ ಮರಕ್ಕೆ ಬಡಿಯಿತು.

ನನ್ನ ತುಟಿ ಒಡೆದಿತ್ತು, ಅಷ್ಟೇ. ಅವಳ ಎಡ ಮಂಡಿ ಪುಡಿಯಾಯಿತು.

ಮಾರನೆಯ ದಿನ ಟೀಮಿನ ಮ್ಯಾನೇಜರು ಆಸ್ಪತ್ರೆಗೆ ಬಂದರು. ಅವರಿಗೆ ಕನ್ನಡ ಬಾರದು. ಅವಳ ಮಂಚದ ಕಾಲುಬುಡದಲ್ಲಿ ನಿಂತು, ಕೊನೆಗೆ ಇವಳು ಹೇಳಿದ್ದೇನು ಎಂದು ನನ್ನನ್ನು ಕೇಳಿದರು. ಬಿಡು ಅಂದಳು ಅಂದೆ. ಹಾಗೆಂದರೇನು ಎಂದರು. ಪೂರ್ತಿ ವೇಗ ಎಂದು ಇಂಗ್ಲಿಷಿನಲ್ಲಿ ನಾನೇ ಅರ್ಥ ಹೇಳಿದೆ. ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಊರ ಭಾಷೆಯಲ್ಲಿ ನೋಟ್ಸು ಓದಿದರೆ ಹೀಗೇ ಆಗುವುದು ಎಂದು ಟೀಮಿನವರು ತೀರ್ಮಾನ ಮಾಡಿದರು. ಪತ್ರಿಕೆಯಲ್ಲೂ ಹಾಗೇ ಬಂತು. ನಾನು ತುಟಿಗೆ ಹೊಲಿಗೆ ಬಿದ್ದಿದೆ ಎಂಬ ನೆಪದಲ್ಲಿ ಸುಮ್ಮನಿದ್ದೆ. ಇಂಗ್ಲಿಷಿನಲ್ಲಿ ಓದುವ ಹೊಸಬನೊಬ್ಬ ನನ್ನ ಪಕ್ಕ ಕೂತ. ಅವನ ಓದಿನಲ್ಲಿ ಒಂದು ತಪ್ಪೂ ಇರಲಿಲ್ಲ, ಆದರೆ ಅವನ ದನಿ ಕೇಳಿದರೇ ನನಗೆ ಸಿಟ್ಟು ಬರುತ್ತಿತ್ತು. ಒಂದು ವರ್ಷದಲ್ಲೇ ರ‍್ಯಾಲಿ ಬಿಟ್ಟು ತಮಿಳುನಾಡಿನ ಟ್ರ್ಯಾಕುಗಳಿಗೆ ಹೋದೆ. ಅಲ್ಲಿ ಮನೆಮನೆಯಲ್ಲೂ ಇರುವಂಥ ಕಾರುಗಳನ್ನೇ ರೇಸಿಗೆಂದು ಸಜ್ಜುಮಾಡಿ, ಒಳಗೆ ಡ್ರೈವರಿನದೊಂದೇ ಸೀಟು ಉಳಿಸಿರುತ್ತಾರೆ. ಅದು ನನಗೆ ಅನುಕೂಲವಾಯಿತು. ಸುತ್ತಿದ ಸುತ್ತೇ ಸುತ್ತುತ್ತಾ ಎಷ್ಟೋ ಕಪ್ಪು ಗೆದ್ದೆ. ಮನೆಗೆ ತಂದಾಗಲೆಲ್ಲ ಅಕ್ಕ ಅವನ್ನು ಒರೆಸಿ ಸಾಲಾಗಿ ಇಡುತ್ತಿದ್ದಳು. "ಬಾ" ಎನ್ನುತ್ತಿದ್ದಳು, "ಊಟ ಮಾಡು" ಎನ್ನುತ್ತಿದ್ದಳು. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಅವಳ ಮಾತಿನಲ್ಲಿ ಓ ಇಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು.

ಅವಳು ಕೊಪ್ಪದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ದಿನವಿಡೀ ಮಷಿನ್ನಿನ ಮುಂದೆ ನಿಂತು ನಿಂತು ಆ ಮಂಡಿ ಈಚೆಗೆ ತೀರಾ ಕೆಟ್ಟಿದೆ. ಹೋದ ತಿಂಗಳು ಶಿವಮೊಗ್ಗದ ಡಾಕ್ಟರಿಗೆ ತೋರಿಸಲು ನಾನೇ ಕರೆದುಕೊಂಡು ಹೊರಟೆ. ಮುಂದಿನ ಬಾಗಿಲು ತೆಗೆದು ನಿಂತೆ. ಅವಳು ಎಂದಿನಂತೆ ಹಿಂದಿನ ಸೀಟಿಗೆ ಹೋಗಿ, ಕಾಲು ಉದ್ದಕ್ಕೆ ಚಾಚಬೇಕು ಎಂದಳು. ಮಂಡಿ ಮಡಚಲು ಬರದವಳಿಗೆ ಅದು ಬೇಕೇ ಬೇಕು. ಹಾಗಿರುವಾಗ ನಾನೇನು ಹೇಳುವುದು?

ನರಸಿಂಹರಾಜಪುರದ ದಾರಿಯಲ್ಲಿ, ಸೀತೂರಿನ ಕಡೆಗೆ ಹೋಗುವ ಕವಲು ದಾಟಿದ ಮೇಲೆ, ಕನ್ನಡಿಯಲ್ಲಿ ನೋಡಿದೆ. ಅವಳು ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಇರಬೇಕು ಅಂದುಕೊಂಡೆ. ತುಟಿ ಅಲ್ಲಾಡುತ್ತಿತ್ತು. ನಾನು ಎಡಕ್ಕೆ ತಿರುಗಿಸುವ ಮೊದಲೇ ಎಡ ಎನ್ನುತ್ತಿತ್ತು ಆ ತುಟಿ. ಇಷ್ಟು ವರ್ಷ ನನ್ನ ಹಿಂದೆ ಕೂತು ಅವಳು ಹೀಗೆ ಓದುತ್ತಲೇ ಇದ್ದಳೋ ಏನೋ. ಕಾರನ್ನು ಬದಿಗೆ ಹಾಕಿ ನಿಲ್ಲಿಸಿದೆ.

"ಎಂತ ಆಯ್ತು?" ಎಂದಳು.

"ಅಕ್ಕಾ, ಅವತ್ತು ನಂಗೆ ಅರ್ಥ ಆಗಿತ್ತು. ನೀನು ಕಾಲು ತೆಗಿ ಅಂದಿದ್ದು."

"ಗೊತ್ತು. ಕೂಗಿದ ಮೇಲೆ ನಿನ್ನ ಕಾಲೇ ನೋಡ್ತಾ ಇದ್ದೆ ನಾನು."

"ಮತ್ತೆ ಆಸ್ಪತ್ರೇಲಿ ಎಂತಕ್ಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಮಾಡಿದ್ದೆ. ಅವತ್ತಲ್ಲದಿದ್ರೆ ನಾಳೆ ಹೇಳ್ತೀಯ ಅಂತ. ಆಮೇಲಾಮೇಲೆ ಕಾಯದೂ ಬಿಟ್ಟೋಯ್ತು."

ಹಿಂದಕ್ಕೆ ತಿರುಗಿ ಅವಳ ಚಾಚಿದ ಕಾಲಿನ ಮೇಲೆ ಕೈಯಿಟ್ಟೆ. ತಪ್ಪಾಯ್ತಕ್ಕ, ತಪ್ಪಾಯ್ತು ಎಂದು ಮಗುವಿನ ಹಾಗೆ ಅತ್ತೆ. ಅವಳು ನನ್ನ ಕೈಯನ್ನು ಮೆಲ್ಲಗೆ ಎತ್ತಿ ಸೀಟಿನ ಮೇಲಿಟ್ಟಳು. ಡಾಕ್ಟರು ಹನ್ನೊಂದಕ್ಕೆ ಬರಹೇಳಿದ್ದಾರೆ, ಹೊತ್ತಾಗುತ್ತದೆ ಎಂದಳು. ನಾನು ಕಣ್ಣೊರೆಸಿಕೊಂಡು ಕೀಲಿ ತಿರುಗಿಸಿ, ಅವಳು ಇನ್ನೇನಾದರೂ ಹೇಳಬಹುದೆಂದು ಕನ್ನಡಿಯಲ್ಲಿ ನೋಡುತ್ತಾ ಕಾದೆ.

"ಬಿಡು" ಎಂದಳು. ಬಿಡೋ ಎನ್ನಲಿಲ್ಲ.