ಹೊನ್ನೂರಮ್ಮ ಹೇಳದ ಹೆಸರು

ಹೊನ್ನಾಳಿಯಲ್ಲಿ ಶಾಮಿಯಾನ, ಪಾತ್ರೆ, ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ತಿಪ್ಪೇಶಪ್ಪನ ಹೆಸರು ಸುತ್ತಮುತ್ತ ಯಾರಿಗೆ ತಾನೆ ಗೊತ್ತಿರಲಿಲ್ಲ? ನ್ಯಾಮತಿಯಲ್ಲಿ ಮದುವೆಯಾಗಲಿ, ಗೋವಿನಕೋವಿಯಲ್ಲಿ ನಾಮಕರಣವಾಗಲಿ, ಶಾಮಿಯಾನದ ಅಂಚಿನಲ್ಲಿ ಆ ಹೆಸರು ಅಂಗೈಯಗಲದ ಅಕ್ಷರಗಳಲ್ಲಿ ತೂಗಾಡುತ್ತಿತ್ತು. ಮೂರು ವರ್ಷದ ಮಗುವಿನಿಂದ ಹಲ್ಲಿಲ್ಲದ ಮುದುಕರವರೆಗೆ ಎಲ್ಲರೂ ಅದನ್ನು ಹೇಳುತ್ತಿದ್ದರು. ಹೇಳದೆ ಇದ್ದವಳು ಒಬ್ಬಳೇ, ಅವನ ಹೆಂಡತಿ ಹೊನ್ನೂರಮ್ಮ.

ಅವಳು ಜಗಳೂರು ಕಡೆಯ ಸೊಕ್ಕೆ ಎಂಬ ಬರದ ಊರಿನವಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅಜ್ಜಿ ಚಿಕ್ಕಂದಿನಲ್ಲೇ ಅವಳ ಕಿವಿಗೆ ಹಾಕಿದ್ದಳು. ಮದುವೆಯ ದಿನ ಮಾತ್ರ ಇದಕ್ಕೆ ವಿನಾಯಿತಿ. ಅಂದು ನಾದಿನಿಯರು ಹೊಸಿಲಿಗೆ ಅಡ್ಡ ನಿಲ್ಲುತ್ತಾರೆ, ಮದುಮಗಳು ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿದರೇನೇ ಒಳಗೆ ಬಿಡುತ್ತಾರೆ. ಹೊನ್ನೂರಮ್ಮ ಅದಕ್ಕೂ ಸಿಕ್ಕಲಿಲ್ಲ. ಕಾಲು ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದವಳು, ನಾದಿನಿಯರು ಇನ್ನೂ ತಲೆಬಾಗಿಲಲ್ಲಿ ಕಾವಲು ಕಾಯುತ್ತಿರುವಾಗಲೇ ಅಡುಗೆಮನೆಯಲ್ಲಿ ಅತ್ತೆ ಗಾದ್ರಮ್ಮನ ಪಕ್ಕ ಕುಳಿತು ಹೋಳಿಗೆ ತಟ್ಟುತ್ತಿದ್ದಳು. "ಒಳಗೆ ಬಂದಾಯ್ತಲ್ಲ ಅಕ್ಕಾ, ಇನ್ಯಾಕೆ ಆ ಮಾತು?" ಎಂದಳು, ಹುಡುಕಿಕೊಂಡು ಬಂದ ನಾದಿನಿಗೆ. ಆಮೇಲೆ ಅವಳ ನೇಮ ಎಷ್ಟು ಬಿಗಿಯಾಯಿತೆಂದರೆ ಮನೆಮುಂದಿನ ತಿಪ್ಪೆಯನ್ನೂ ಅವಳು ತಿಪ್ಪೆ ಎನ್ನದೆ "ಗೊಬ್ಬರದ ಗುಡ್ಡೆ" ಎನ್ನುತ್ತಿದ್ದಳು.

ತಿಪ್ಪೇಶಪ್ಪನಿಗೆ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಾಗಿತ್ತು. ಊರೂರ ಮದುಮಗಳಂದಿರು ಅವನ ಮೈಕಿನಲ್ಲೇ ತಂತಮ್ಮ ಗಂಡಂದಿರ ಹೆಸರು ಹೇಳಿ ನಾಚಿಕೊಳ್ಳುತ್ತಿದ್ದರು. ಮೈಕು ಹಿಡಿದುಕೊಂಡು ನಿಂತವನಿಗೆ ಹೊಟ್ಟೆ ಉರಿಯುತ್ತಿತ್ತು. ಹೆಂಡತಿಯ ಮೇಲೆ ಅವನಿಗೆ ಬೇರೆ ಯಾವ ದೂರೂ ಇರಲಿಲ್ಲ. ಸಾಯುವುದರೊಳಗೆ ಒಂದೇ ಒಂದು ಸಲ ಅವಳ ಬಾಯಲ್ಲಿ ತನ್ನ ಹೆಸರು ಕೇಳಬೇಕು, ಅಷ್ಟೇ ಅವನ ಆಸೆ.

ಎಂಬತ್ತೆರಡನೇ ಇಸವಿಯ ಧನುರ್ಮಾಸ ಬಂತು. ಆ ತಿಂಗಳು ಮದುವೆಗಳಿಲ್ಲ, ಶಾಮಿಯಾನವೆಲ್ಲ ಮಡಚಿ ಅಟ್ಟ ಸೇರುತ್ತದೆ. ತಿಪ್ಪೇಶಪ್ಪನ ತಲೆಗೆ ಒಂದು ಹುಳ ಹೊಕ್ಕಿತು. ಮನೆಯಲ್ಲಿ ಅವ್ವ ಇದ್ದಾಳೆ, ಮಗಳಿದ್ದಾಳೆ, ಗೋಡೆಯಾಚೆ ನೆರೆಯವರಿದ್ದಾರೆ. ಗುರುತಿನವರು ಒಬ್ಬರೂ ಇಲ್ಲದ ಕಡೆ ಕರೆದುಕೊಂಡು ಹೋದರೆ ಇವಳ ಬಾಯಿ ಬಿಡಿಸಬಹುದು!

"ಏಯ್, ಸಮುದ್ರ ನೋಡಾಕೆ ಹೋಗಾನ," ಎಂದ.

"ಅಲ್ಲಿ ಯಾರ ಮದುವೆ ಐತ್ರಿ?"

"ಯಾರದ್ದೂ ಇಲ್ಲ. ನಾವಿಬ್ರೇ. ಲಾಡ್ಜೂ ಬ್ಯಾಡ, ನಮ್ಮ ಶಾಮಿಯಾನಾನೇ ಹಾಕ್ಕಂಡು ಇರಾನ."

ಗಾದ್ರಮ್ಮ ಎಲೆಅಡಿಕೆ ಅಗಿಯುತ್ತಲೇ, "ಮಗಳು ಸ್ಕೂಲಿಗೆ ಹೋಗಾ ಹೊತ್ತಿಗೆ ಇವನಿಗೆ ಹನಿಮೂನು ಬಂತು ನೋಡು," ಎಂದಳು. ಮೊಮ್ಮಗಳನ್ನು ಮಾತ್ರ ಸಂತೋಷದಿಂದ ಇಟ್ಟುಕೊಂಡಳು.

ಸಾಮಾನು ಸಾಗಿಸುವ ಹಳೇ ಮೆಟಡಾರಿಗೆ ಶಾಮಿಯಾನ, ಕಂಬ, ಹಗ್ಗ, ಸೀಮೆಎಣ್ಣೆ ಸ್ಟೋವು, ಒಂದು ಮೂಟೆ ಜೋಳದ ರೊಟ್ಟಿ, ಚಟ್ನಿಪುಡಿ, ರವೆ, ಈರುಳ್ಳಿ, ಒಂದು ದೊಡ್ಡ ಪಾತ್ರೆ ಎಲ್ಲ ಏರಿದವು. ನ್ಯಾಮತಿ ದಾಟುವ ಮೊದಲೇ ತಿಪ್ಪೇಶಪ್ಪ ಕೆಲಸ ಶುರು ಮಾಡಿದ.

"ದಾರ್ಯಾಗೆ ಪೊಲೀಸ್ನೋರು ಹಿಡಿದು, ನೀನು ಯಾರ ಹೆಂಡ್ತಿ ಅಂತ ಕೇಳಿದ್ರೆ ಏನಂತೀಯ?"

"ಇಗಾ, ಈ ಗಾಡಿ ಓಡಿಸೋರ ಹೆಂಡ್ತಿ ಅಂತೀನಿ."

"ನಾನು ಇಳಿದು ಎಲ್ಲೋ ಹೋಗಿದ್ರೆ?"

"ಗಾಡಿ ಬಿಟ್ಟು ಓಡಿ ಹೋದೋರ ಹೆಂಡ್ತಿ ಅಂತೀನಿ."

ಘಟ್ಟ ಇಳಿದು ಹೊನ್ನಾವರ ಮುಟ್ಟಿದಾಗ ಕಡಲು ಕಂಡಿತು. ಹೊನ್ನೂರಮ್ಮ ಗಾಡಿಯಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಸಿಲಿನಲ್ಲಿ ಬಹಳ ಹೊತ್ತು ನೋಡಿದಳು. ಆಮೇಲೆ ಅವಳಿಗೆ ಸಿಟ್ಟು ಬಂತು.

"ಇಷ್ಟು ನೀರು ಇಲ್ಲಿ ಇಟ್ಕಂಡು, ನಮ್ಮ ಸೊಕ್ಕೆಗೆ ನಾಕು ಕೊಡ ಕಳಿಸಾಕೆ ಆಗ್ಲಿಲ್ವೇನ್ರಿ ಆ ದೇವ್ರಿಗೆ?"

ಕುಮಟಾ ದಾರಿಯಲ್ಲಿ ಒಂದು ಮೀನುಗಾರರ ಕೇರಿಯ ಪಕ್ಕ ತೆಂಗಿನ ನೆರಳು ನೋಡಿ ತಿಪ್ಪೇಶಪ್ಪ ಗಾಡಿ ನಿಲ್ಲಿಸಿದ. ಕಂಬ ನೆಟ್ಟು, ಹಗ್ಗ ಬಿಗಿದು, ಕೆಂಪು ಹಳದಿ ಪಟ್ಟೆಯ ಶಾಮಿಯಾನ ಎತ್ತಿದ. ಅವನಿಗೆ ಹಾಕಲು ಬರುತ್ತಿದ್ದ ಡೇರೆ ಅದೊಂದೇ. ಅಭ್ಯಾಸಬಲ ನೋಡಿ, ಮುಂದುಗಡೆ ಮಾವಿನ ತೋರಣ ಇಲ್ಲವಲ್ಲ ಎಂದು ತೆಂಗಿನ ಗರಿಯನ್ನೂ ಕಟ್ಟಿಬಿಟ್ಟ. ಅರ್ಧ ಗಂಟೆಯಲ್ಲಿ ಕೇರಿಯ ಹೆಂಗಸರು ತಲೆ ಬಾಚಿಕೊಂಡು, ಹೂ ಮುಡಿದುಕೊಂಡು ಬಂದರು. ಮುಂದಾಳು ಒಬ್ಬ ಗಟ್ಟಿಗಿತ್ತಿ ಮುದುಕಿ. "ಮದುವೆ ಯಾರದ್ದು?" ಎಂದು ಕೇಳಿದಳು.

ದೇವರು ಕೊಟ್ಟ ಅವಕಾಶವನ್ನು ತಿಪ್ಪೇಶಪ್ಪ ಬಿಡುತ್ತಾನೆಯೇ? "ನಮ್ಮದೇ ಅಜ್ಜೀ. ಮದುವೆ ಮುಗಿದೈತೆ, ಹೆಸರು ಹೇಳಾ ಶಾಸ್ತ್ರ ಒಂದು ಬಾಕಿ ಉಳಿದೈತೆ. ಇವಳು ಗಂಡನ ಹೆಸರು ಹೇಳಬೇಕು!"

ಹೆಂಗಸರು ಹೊನ್ನೂರಮ್ಮನನ್ನು ಮುತ್ತಿಕೊಂಡರು. ಹೇಳು, ಹೇಳು ಎಂದು ಚಪ್ಪಾಳೆ ಬಿತ್ತು. ತಿಪ್ಪೇಶಪ್ಪನ ಕಿವಿ ನೆಟ್ಟಗಾಯಿತು. ಹೊನ್ನೂರಮ್ಮ ತಲೆ ತಗ್ಗಿಸಿ, ಹೊಸ ಮದುಮಗಳಿಗಿಂತ ಹೆಚ್ಚು ನಾಚಿಕೊಂಡು, "ಹೇಳ್ತೀನ್ರಿ. ಆದ್ರೆ ನಮ್ಮ ಕಡೆ ಅದಕ್ಕೊಂದು ಪದ್ಧತಿ ಐತೆ. ಮೊದ್ಲು ಗಂಡ ತಾನೇ ಅಡುಗೆ ಮಾಡಿ, ಬಂದೋರಿಗೆಲ್ಲ ಉಣ್ಣಾಕೆ ಇಕ್ಕಬೇಕು," ಎಂದಳು.

ಅಂಥ ಪದ್ಧತಿ ಜಗಳೂರಿನಲ್ಲೂ ಇಲ್ಲ, ಜಗತ್ತಿನಲ್ಲೂ ಇಲ್ಲ. ಆದರೆ ಹೆಂಗಸರಿಗೆ ಬಲು ಹಿಡಿಸಿತು. ತಿಪ್ಪೇಶಪ್ಪ ಸ್ಟೋವಿಗೆ ಪಂಪು ಹೊಡೆದು, ಕಣ್ಣು ಉಜ್ಜಿಕೊಂಡು ಈರುಳ್ಳಿ ಹೆಚ್ಚಿ, ಇಡೀ ಕೇರಿಗೆ ಉಪ್ಪಿಟ್ಟು ಕೆದಕಿದ. ತಳ ಹತ್ತಿತು. ಎಲ್ಲರೂ ತಿಂದು ಕೈ ತೊಳೆಯುವ ಹೊತ್ತಿಗೆ ದೋಣಿಗಳು ಬಂದವು, ಹೆಂಗಸರು ಬುಟ್ಟಿ ಹಿಡಿದು ಮೀನಿಗೆ ಓಡಿದರು. ಹೊನ್ನೂರಮ್ಮ ತಳ ಸೀದ ಪಾತ್ರೆಯನ್ನು ಗಂಡನ ಮುಂದೆ ಸರಿಸಿ, "ಬೆಳಗಾಕೆ ಮರಳು ಇಲ್ಲೇ ಐತೆ," ಎಂದಳು.

ಮರುದಿನ ಬೆಳಗ್ಗೆ ತಿಪ್ಪೇಶಪ್ಪ ಕೊನೆಯ ಉಪಾಯ ಹೂಡಿದ. ಅವನು ಹುಟ್ಟಿದ್ದು ಚನ್ನಗಿರಿ ಕಡೆ, ಸೂಳೆಕೆರೆಯ ದಂಡೆಯ ಹಳ್ಳಿಯಲ್ಲಿ. ನಡೆಯುವುದಕ್ಕೂ ಮುಂಚೆ ಈಜು ಕಲಿತವನು. ಕಡಲೂ ಒಂದು ಕೆರೆಯೇ, ಏರಿ ಕಾಣುವುದಿಲ್ಲ ಅಷ್ಟೇ ಎಂದು ಅವನ ಎಣಿಕೆ. ಎದೆಯುದ್ದ ನೀರಿಗೆ ಹೋಗಿ ಮುಳುಗಿದ ಹಾಗೆ ನಾಟಕ ಆಡಿದರೆ ಅವಳು ಹೆಸರು ಕೂಗದೆ ಏನು ಮಾಡುತ್ತಾಳೆ?

ಹೋದ. ಕೈ ಮೇಲೆತ್ತಿ ಒಂದು ಸಲ ಮುಳುಗಿ ಎದ್ದ. ದಡದಲ್ಲಿ ಹೊನ್ನೂರಮ್ಮ ರೊಟ್ಟಿ ಮುರಿಯುತ್ತಾ ನಗುತ್ತಿದ್ದಳು. ಇನ್ನೊಂದು ಸಲ ಮುಳುಗಿದ. ಕೆರೆಯ ನೀರು ಇಟ್ಟಲ್ಲೇ ಇರುತ್ತದೆ, ಕಡಲಿನದು ಇರುವುದಿಲ್ಲ. ಕಾಲ ಕೆಳಗಿನ ಮರಳು ಜಾರಿತು, ಯಾರೋ ಹಗ್ಗ ಕಟ್ಟಿ ಎಳೆದಂತೆ ನೀರು ಅವನನ್ನು ಒಳಗೆ ಎಳೆಯಿತು. ಎದ್ದಾಗ ದಡ ದೂರವಾಗಿತ್ತು. ಅವನು ನಿಜವಾಗಿ ಹೆದರಿದ. ಬಾಯಿಗೆ ಬಂದಷ್ಟನ್ನು ಕೂಗಿದ, ಅಷ್ಟರಲ್ಲಿ ಒಂದು ಅಲೆ ತಲೆಯ ಮೇಲೆ ಬಿತ್ತು. ಕಿವಿಯಲ್ಲಿ, ಮೂಗಿನಲ್ಲಿ, ಎಲ್ಲೆಲ್ಲೂ ಬರೀ ಉಪ್ಪುನೀರು.

ಕಣ್ಣು ಬಿಟ್ಟಾಗ ಮರಳಿನ ಮೇಲೆ ಬೋರಲು ಬಿದ್ದಿದ್ದ. ಇಬ್ಬರು ಮೀನುಗಾರರು ಬೆನ್ನು ಒತ್ತುತ್ತಿದ್ದರು. "ತಿಪ್ಪೇಶಪ್ಪ, ಕಕ್ಕು! ತಿಪ್ಪೇಶಪ್ಪ, ಉಸಿರು ತಗೋ!" ಎನ್ನುತ್ತಿದ್ದರು. ನೀರೆಲ್ಲ ಕಕ್ಕಿದ ಮೇಲೆ ಅವನಿಗೆ ಅಚ್ಚರಿಯಾಯಿತು.

"ನನ್ನ ಹೆಸರು ನಿಮಗೆ ಹೆಂಗೆ ಗೊತ್ತು?"

ನಿನ್ನೆಯ ಮುದುಕಿ ಅವನ ತಲೆ ಒರೆಸುತ್ತಿದ್ದಳು. "ನಿನ್ನ ಹೆಂಡತಿ ಕೂಗಿದ್ದು ಆಚೆ ಕೇರಿಗೂ ಕೇಳಿದೆ ಮಾರಾಯ. ಸೊಂಟದ ನೀರಿಗೆ ಇಳಿದುಬಿಟ್ಟಿದ್ದಳು. ನಾವು ಹಿಡಿದುಕೊಳ್ಳದಿದ್ದರೆ ಅವಳೂ ಹೋಗುತ್ತಿದ್ದಳು."

ಇಡೀ ಕಡಲತೀರ ಕೇಳಿತ್ತು. ಅವನೊಬ್ಬನೇ ಕೇಳಿರಲಿಲ್ಲ.

ಹೊನ್ನೂರಮ್ಮ ಶಾಮಿಯಾನದ ಕೆಳಗೆ ಒದ್ದೆ ಸೀರೆಯಲ್ಲಿ, ಬೆನ್ನು ಹಾಕಿ ಕುಳಿತಿದ್ದಳು. ಅವನು ತೂರಾಡುತ್ತಾ ಹೋಗಿ ಪಕ್ಕದಲ್ಲಿ ಕುಳಿತ.

"ಏಯ್. ಕೂಗಿದ್ಯಂತೆ. ಇನ್ನೊಂದ್ ಸಲ ಹೇಳಬಾರದಾ?"

ಅವಳು ತಿರುಗಿದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಮೊದ್ಲು ಮುಳುಗಿದ್ದು ನಾಟಕ ಅಲ್ಲೇನ್ರಿ?"

"ಹೂಂ," ಎಂದ ಅವನು.

"ಆಮೇಲೆ ನಿಜವಾಗ್ಲೂ ಮುಳುಗಿದ್ರಲ್ಲ, ಆವಾಗ ನನ್ನ ಏನಂತ ಕೂಗಿದ್ರಿ, ನೆನಪೈತಾ?"

ಅವನಿಗೆ ನೆನಪಿರಲಿಲ್ಲ.

"'ಏಯ್' ಅಂದ್ರಿ. ಸಾಯಾಕೆ ಹೊಂಟಾಗ್ಲೂ 'ಏಯ್'! ಇಲ್ಲಿದ್ದ ಹೆಂಗಸ್ರೆಲ್ಲ ತಿರುಗಿ ನೋಡಿದ್ರು. ಯಾವಳಿಗೆ ಅಂತ ತಿಳ್ಕಬೇಕು? ನನಗಾದ್ರೆ ನಿಮ್ಮ ಆಯಸ್ಸಿನ ಭಯ ಇತ್ತು. ನಿಮ್ಮ ಬಾಯಿಗೆ ಏನಾಗಿತ್ರಿ ಇಷ್ಟು ವರ್ಷ?"

ತಿಪ್ಪೇಶಪ್ಪ ಯೋಚಿಸಿದ. ಊರ ಮದುಮಗಳಂದಿರ ಹೆಸರನ್ನೆಲ್ಲ ಮೈಕಿನಲ್ಲಿ ಸಾರಿದ ಬಾಯಿ ಅದು. ಇವಳನ್ನು ಯಾವತ್ತಾದರೂ ಹೆಸರು ಹಿಡಿದು ಕರೆದದ್ದುಂಟೇ? ಎಷ್ಟು ಕೆದಕಿದರೂ ಒಂದು ದಿನವೂ ಸಿಗಲಿಲ್ಲ. ಅವನಿಗೆ ನಾಚಿಕೆಯಾಯಿತು. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, "ಹೊನ್ನೂರಮ್ಮ," ಎಂದ.

"ಕೇಳಿಸ್ಲಿಲ್ಲ."

"ಹೊನ್ನೂರಮ್ಮ."

"ಸಮುದ್ರದ ಸದ್ದು ಜಾಸ್ತಿ ಐತ್ರಿ. ನನಗೇನೂ ಕೇಳಿಸ್ತಿಲ್ಲ."

ಅವನು ಎದ್ದು ನಿಂತ. ಉಪ್ಪುನೀರಿಗೆ ಒಡೆದ ಗಂಟಲಲ್ಲಿ, ಮೈಕಿಲ್ಲದೆ, ಕಡಲ ಕಡೆ ಮುಖ ಮಾಡಿ ಆ ಹೆಸರನ್ನು ಕೂಗಿದ. ಬಲೆ ಒಣಗಿಸುತ್ತಿದ್ದವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರು.

"ಓ," ಎಂದಳು ಹೊನ್ನೂರಮ್ಮ.