ಅರ್ಧ ಲಾಯರಮ್ಮ ಬಿಟ್ಟ ಸಾಲು

ಅವಳು ಲಾಯರಲ್ಲ. ಅದನ್ನು ಅವಳೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು, ಹೇಳಲೇಬೇಕೆಂಬ ನಿಯಮವೂ ಇತ್ತು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಉಚಿತ ಕಾನೂನು ಸಹಾಯದ ಕಚೇರಿಗೆ ಯಾರೇ ಬಂದರೂ ಮೊದಲು ಕೂರುತ್ತಿದ್ದುದು ಅವಳ ಮೇಜಿನ ಎದುರಿಗೆ. ತಾನು ಲಾಯರಲ್ಲ, ನೀವು ಹೇಳಿದ್ದನ್ನು ಬರೆದುಕೊಳ್ಳುವವಳು ಅಷ್ಟೇ ಎಂದು ಅವಳು ಗಿಣಿಪಾಠ ಒಪ್ಪಿಸುವಳು. ಬಂದವರು ಎಲ್ಲ ಅರ್ಥವಾದವರಂತೆ ತಲೆಯಾಡಿಸಿ, "ಆಯ್ತು ಲಾಯರಮ್ಮ" ಎಂದು ತಮ್ಮ ಕಷ್ಟ ಶುರು ಮಾಡುವರು. ಇದನ್ನು ಕೇಳಿ ಕೇಳಿ ಸಾಕಾಗಿ, ಮೂವತ್ತು ವರ್ಷದಿಂದ ಅಲ್ಲಿನ ಕಡತಗಳನ್ನು ಕಾಯುತ್ತಿದ್ದ ಗುಮಾಸ್ತೆ ಫೈಲಮ್ಮ ಅವಳಿಗೆ ಅರ್ಧ ಲಾಯರಮ್ಮ ಎಂದು ಹೆಸರಿಟ್ಟಳು. ಹೆಸರು ಸರಿಯಾಗಿಯೇ ಕೂತಿತು.

ಇತಿಹಾಸದಲ್ಲಿ ಪದವಿ ಮುಗಿಸಿದ್ದಳು. ಕಾನೂನು ಕಾಲೇಜಿನಲ್ಲಿ ಸೀಟೂ ಸಿಕ್ಕಿತ್ತು. ಅಷ್ಟರಲ್ಲಿ ಒಂದು ಫೆಲೋಶಿಪ್ಪಿನ ಸುದ್ದಿ ಬಂತು: ಕಾನೂನು ಓದಲು ಹೊರಟ ಪದವೀಧರರು ಓದಿಗೆ ಮುಂಚೆ ಒಂದು ವರ್ಷ ಇಂಥ ಕಚೇರಿಯಲ್ಲಿ ಕೆಲಸ ಮಾಡಬಹುದು, ಸೀಟು ಅಲ್ಲಿಯವರೆಗೆ ಕಾಯುತ್ತದೆ. ಅರ್ಜಿಯಲ್ಲಿ ಅವಳು, ಕಾನೂನು ಜನರ ಬದುಕಿನೊಳಗೆ ಹೇಗೆ ಬರುತ್ತದೆಂದು ನೋಡುವಾಸೆ ಎಂದು ಬರೆದಳು. ನಿಜ ಹೇಳಬೇಕೆಂದರೆ ತನಗೆ ಕಾನೂನು ಓದುವ ಆಸೆ ಇದೆಯೋ ಇಲ್ಲವೋ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಬಿಡಲೂ ಮನಸ್ಸಿಲ್ಲ, ಹಿಡಿಯಲೂ ಧೈರ್ಯವಿಲ್ಲ. ಅಂಥವರಿಗೆ ಒಂದು ವರ್ಷದ ಗಡುವು ಸಿಕ್ಕರೆ ಸ್ವರ್ಗವೇ ಸಿಕ್ಕಿದ ಹಾಗೆ.

ಅವಳಪ್ಪ ಲಿಫ್ಟ್ ರಿಪೇರಿ ಮಾಡುವವನು. ಕೈಗೆ ಮೆತ್ತಿದ ಗ್ರೀಸನ್ನು ಹಳೆ ಬನಿಯನ್ನಿನಿಂದ ಒರೆಸುತ್ತ, ಮಗಳ ಒದ್ದಾಟಕ್ಕೆ ಅವನು ಒಂದೇ ಮಾತು ಹೇಳಿದ್ದ. "ಮೇಲಕ್ಕಾದ್ರೂ ಹೋಗು, ಕೆಳಕ್ಕಾದ್ರೂ ಹೋಗು ಮಗಳೇ. ಮಧ್ಯದಲ್ಲಿ ನಿಂತ್ಕೊಂಡ್ರೆ ನನ್ನನ್ನೇ ಕರೀಬೇಕಾಗುತ್ತೆ." ತನ್ನ ಜೋಕಿಗೆ ತಾನೇ ನಕ್ಕು ಸ್ನಾನಕ್ಕೆ ಹೋಗಿದ್ದ.

ಆ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಬಂದವರು ಹೇಳಿದ್ದನ್ನು ಮೊದಲ ಹಾಳೆ ಎಂಬ ಹಳದಿ ಕಾಗದದ ಮೇಲೆ, ಅವರದೇ ಮಾತಿನಲ್ಲಿ, ಅವರು ಹೇಳಿದ ಕ್ರಮದಲ್ಲೇ ಬರೆಯಬೇಕು. ಅತ್ತರೆ ಅತ್ತರು ಎಂದು, ಹೇಳಿದ್ದನ್ನೇ ಹೇಳಿದರೆ ಹೇಳಿದಷ್ಟು ಸಲವೂ ಬರೆಯಬೇಕು. ಆಮೇಲೆ ಗಟ್ಟಿಯಾಗಿ ಓದಿ ತೋರಿಸಿ ಸಹಿ ಹಾಕಿಸಬೇಕು. ಫೈಲಮ್ಮ ಮೊದಲ ದಿನವೇ ಇದನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದಳು. ಆದರೆ ಎರಡನೇ ವಾರ ಕಚೇರಿಯ ಹಿರಿಯ ವಕೀಲರು ಅವಳ ಹಾಳೆಯೊಂದನ್ನು ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿ ತಿರುವಿಹಾಕಿ, ಇದೇನಮ್ಮ ಕಾದಂಬರಿ, ನನಗೆ ಕತೆ ಬೇಡ, ದಿನಾಂಕ ಬೇಕು ಎಂದರು. ಒಬ್ಬರು ಹಾಗೆ, ಒಬ್ಬರು ಹೀಗೆ. ಅವಳಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ಒಂದು ಉಪಾಯ ಹುಡುಕಿದಳು. ಹಳದಿ ಹಾಳೆಯಲ್ಲಿ ಗೀಚಿಕೊಳ್ಳುವುದು, ಸಂಜೆ ಕೂತು ಅದನ್ನು ವರ್ಷ ತಿಂಗಳ ಕ್ರಮದಲ್ಲಿ ಜೋಡಿಸಿ, ಪುನರುಕ್ತಿ ತೆಗೆದು, ಹೊಸ ಹಳದಿ ಹಾಳೆಯ ಮೇಲೆ ದುಂಡಗೆ ಬರೆಯುವುದು, ಗೀಚಿದ್ದನ್ನು ಹರಿದು ಬುಟ್ಟಿಗೆ ಹಾಕುವುದು. ವಕೀಲರು ಭೇಷ್ ಎಂದರು. ಇತಿಹಾಸ ಓದಿದ್ದು ಸಾರ್ಥಕವಾಯಿತೆಂದು ಹುಡುಗಿ ಉಬ್ಬಿಹೋದಳು. ಅಲ್ಪವಿದ್ಯಾ ಮಹಾಗರ್ವಿ ಅಂತ ಸುಮ್ಮನೆ ಹೇಳುತ್ತಾರೆಯೇ?

ಛತ್ರಿಯಜ್ಜಿ ಬಂದಿದ್ದು ಆರನೇ ತಿಂಗಳಲ್ಲಿ. ಛತ್ರಿ ರಿಪೇರಿ ಮಾಡುವ ಹೆಂಗಸು. ಬೆರಳ ತುದಿಗಳೆಲ್ಲ ತಂತಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದವು. ಐದಂತಸ್ತಿನ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆ ಅವಳ ಮನೆಯೂ ಹೌದು, ಅಂಗಡಿಯೂ ಹೌದು. ಇಪ್ಪತ್ತೆರಡು ವರ್ಷ ಅಲ್ಲೇ ಕಳೆದಿದ್ದಳು. ಈಗ ಕಟ್ಟಡ ಕೈ ಬದಲಾಗಿತ್ತು. ಹೊಸ ಮಾಲೀಕ, ಈ ಮುದುಕಿ ಯಾರನ್ನೂ ಕೇಳದೆ ಖಾಲಿ ಕೋಣೆಗೆ ನುಗ್ಗಿ ಕೂತವಳು, ಕೂಡಲೇ ಹೊರಹಾಕಿ ಎಂದು ಕೋರ್ಟಿಗೆ ಹೋಗಿದ್ದ.

ಅಜ್ಜಿಯ ಮಾತು ಅವಳ ಛತ್ರಿಗಳ ಹಾಗೆಯೇ, ಒಂದು ಕಡ್ಡಿ ಸರಿಮಾಡಿದರೆ ಇನ್ನೊಂದು ಮೇಲೇಳುತ್ತಿತ್ತು. ಗಂಡ ಸತ್ತದ್ದು, ತಂತಿಯ ಅಂಗಡಿ ಮುಚ್ಚಿದ್ದು, ಎರಡನೇ ಮಹಡಿಯ ನಾಯಿ, ಎಲ್ಲ ಬಂತು. ನಡುನಡುವೆ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. ನಾನು ಆ ಕಟ್ಟಡದೆದುರು ಫುಟ್‌ಪಾತಿನಲ್ಲಿ ಕೂತಿರುತ್ತಿದ್ದೆ, ಒಂದು ದಿನ ಹಳೇ ಮಾಲೀಕನ ತಾಯಿ ಇಳಿದು ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಕೋಣೆಯ ಬಾಗಿಲು ತೆಗೆದರು. ಇದನ್ನು ನಾಲ್ಕು ಸಲ ಹೇಳಿದಳು. ಸಂಜೆ ಅರ್ಧ ಲಾಯರಮ್ಮ ಅದರ ಜಾಗದಲ್ಲಿ 'ಇಪ್ಪತ್ತೆರಡು ವರ್ಷದಿಂದ ವಾಸ' ಎಂದು ಬರೆದಳು. ಉಳಿದದ್ದು ಬುಟ್ಟಿ ಸೇರಿತು.

ಮರುದಿನ ಓದಿ ತೋರಿಸಿದಾಗ ಅಜ್ಜಿ ಕೈಕಟ್ಟಿ ಕೇಳಿ, ಎಲ್ಲಾ ಬರೆದಿದ್ದೀಯಾ ಎಂದಳು.

"ಬೇಕಾದ್ದೆಲ್ಲಾ ಬರ್ದಿದ್ದೀನಿ ಅಜ್ಜಿ."

ಓದಿದ ಹುಡುಗಿ ಹೇಳಿದ ಮೇಲೆ ಮುಗಿಯಿತಲ್ಲ. ಅಜ್ಜಿ ಸಹಿ ಹಾಕಿದಳು. ವಕೀಲರು ಆ ಹಾಳೆಯನ್ನು ನಂಬಿ ಕೋರ್ಟಿಗೆ ಉತ್ತರ ಕೊಟ್ಟರು.

ವಿಚಾರಣೆಯ ದಿನ ನ್ಯಾಯಾಧೀಶರು ಅಜ್ಜಿಯನ್ನೇ ಕೇಳಿದರು, ಈ ಕೋಣೆಗೆ ಹೇಗೆ ಬಂದಿರಿ ಎಂದು. ಅಜ್ಜಿ ಕೈ ಹಿಡಿದು ಕರೆದೊಯ್ದ ಕತೆ ಹೇಳಿದಳು. ಎದುರು ಪಕ್ಷದ ವಕೀಲ ಅದನ್ನೇ ಕಾಯುತ್ತಿದ್ದವನಂತೆ ಎದ್ದು ನಿಂತ. ಲಿಖಿತ ಉತ್ತರದಲ್ಲಿ ಇದರ ಸುಳಿವೇ ಇಲ್ಲ, ಇವರೇ ಸಹಿ ಹಾಕಿದ ಕಾಗದ, ಇವತ್ತು ಬೆಳಿಗ್ಗೆ ಹುಟ್ಟಿದ ಕತೆ ಇದು ಎಂದ. ಕರೆದೊಯ್ದ ತಾಯಿ ಸತ್ತು ಎಂಟು ವರ್ಷವಾಗಿತ್ತು, ಕಟ್ಟಡ ಮಾರಿದ ಮಗನ ಪತ್ತೆಯಿರಲಿಲ್ಲ. ಅಜ್ಜಿ ತಿರುಗಿ ಹಿಂದಿನ ಬೆಂಚಿನಲ್ಲಿದ್ದ ಅರ್ಧ ಲಾಯರಮ್ಮನನ್ನು ನೋಡಿದಳು. ಸಿಟ್ಟಿನಿಂದಲ್ಲ, ಹೇಳಮ್ಮ ನೀನು, ನಿನಗೆ ಹೇಳಿದ್ದೆನಲ್ಲ ಎನ್ನುವ ಹಾಗೆ. ನ್ಯಾಯಾಧೀಶರು ಒಂದು ವಾರದ ಮುಂದಿನ ದಿನಾಂಕ ಕೊಟ್ಟು, ಅಜ್ಜಿಯ ಮಾತಿಗೆ ಆಧಾರ ಇದ್ದರೆ ತನ್ನಿ, ಇಲ್ಲದಿದ್ದರೆ ಕೋಣೆ ಬಿಡಿಸುವ ಆದೇಶ ಕೊಡಬೇಕಾಗುತ್ತದೆ ಎಂದರು.

ಕಚೇರಿಗೆ ಮರಳಿದ್ದೇ ತಡ, ವಕೀಲರು ಫೈಲಮ್ಮನಿಗೆ ಮೊದಲ ಹಾಳೆ ತೆಗೆಯಲು ಹೇಳಿದರು. ಫೈಲಮ್ಮ ತಂದಳು. ದುಂಡಗಿನ ಅಕ್ಷರ, ಹೊಡೆದುಹಾಕಿದ ಒಂದು ಗೆರೆಯೂ ಇಲ್ಲ. ಅವಳು ಅದನ್ನು ಬೆಳಕಿಗೆ ಹಿಡಿದು, ಅಳುವವರ ಮಾತನ್ನು ಬರೆದ ಹಾಳೆ ಇಷ್ಟು ಚೊಕ್ಕಟವಾಗಿರೋದು ಹೇಗೆ ಎಂದಳು. ಹುಡುಗಿ ಹೇಳಿಬಿಟ್ಟಳು. ಗೀಚಿದ್ದು, ಜೋಡಿಸಿದ್ದು, ಹರಿದದ್ದು. ಒಂದೆರಡಲ್ಲ, ಆರು ತಿಂಗಳ ಹಾಳೆಗಳು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡಿದ ಮಾತನ್ನೇ ಹರಿದು ಹಾಕಿದ್ದಾಗಿತ್ತು. ಫೈಲಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಹುಡುಗಿಗೆ ಅನ್ನಿಸಿತು.

ವಕೀಲರು, ಕತೆ ಬೇಡ ಅಂದವನು ನಾನೇ ಎಂದರು. ಆಮೇಲೆ ವಿಷಯ ಬಿಡಿಸಿಟ್ಟರು. ಕಾಗದ ಹೋಯಿತು, ಆದರೆ ಆ ಮಾತನ್ನು ಆರು ವಾರದ ಹಿಂದೆಯೇ ಕೇಳಿದ ಕಿವಿ ಒಂದಿದೆ. ಅಜ್ಜಿ ನಮಗೆ ಹೇಳಿದ್ದು ಅಜ್ಜಿಯ ಸ್ವತ್ತು, ಅವಳನ್ನು ಕೇಳದೆ ಹೊರಗೆ ಹೇಳುವಂತಿಲ್ಲ, ಅವಳು ಒಪ್ಪಿದರೆ ಆ ಕಿವಿಯವಳು ಸಾಕ್ಷಿ ಹೇಳಬಹುದು. ಕೇಸು ನಡೆಸುವ ವಕೀಲ ಸಾಕ್ಷಿಯಾಗುವಂತಿಲ್ಲ, ಆದರೆ ಈ ಹುಡುಗಿ ವಕೀಲೆ ಅಲ್ಲವಲ್ಲ. ಹಾಗಾದರೆ ನಾನು ಹೇಳಬೇಕಾ ಎಂದು ಅವಳು ಕೇಳಿದ್ದಕ್ಕೆ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

"ಹೇಳು ಅಂತ ನಾನು ಅನ್ನೋ ಹಾಗಿಲ್ಲ. ಅಂದ್ರೆ ಸಾಕ್ಷಿಗೆ ಪಾಠ ಹೇಳ್ಕೊಟ್ಟ ಹಾಗಾಗುತ್ತೆ. ಬೇಡ ಅಂತಾನೂ ಅನ್ನಲ್ಲ. ನೀನು ಮಾಡಿದ್ದು ದಾಖಲೆಯಲ್ಲಿ ಉಳಿಯುತ್ತೆ, ಫೆಲೋಶಿಪ್ಪಿನವರು ಕೇಳ್ತಾರೆ, ನಾಳೆ ಕಾಲೇಜಿನವರೂ ಕೇಳಬಹುದು. ಅದಿಷ್ಟು ನಿನಗೆ ಗೊತ್ತಿರ್ಲಿ."

ಆ ವಾರ ಅವಳ ತಲೆ ತಲೆಯಾಗಿ ಉಳಿಯಲಿಲ್ಲ. ಕಾಲೇಜಿನ ಪತ್ರ ಬೇರೆ ಬಂದಿತ್ತು: ಈ ತಿಂಗಳ ಕೊನೆಯೊಳಗೆ ಸೀಟು ಖಾತ್ರಿಪಡಿಸಿ, ಕಾನೂನು ಏಕೆ ಓದಬಯಸುತ್ತೀರಿ ಎಂಬುದನ್ನು ಐದು ಸಾಲಿನಲ್ಲಿ ಬರೆಯಿರಿ. ಬಸ್ಸಿನಲ್ಲಿ ಕೂತರೆ, ಸುಮ್ಮನಿದ್ದರೆ ಕಚೇರಿಯ ಹೊರಗೆ ಯಾರಿಗೂ ತಿಳಿಯುವುದಿಲ್ಲ ಅನ್ನಿಸುವುದು. ಬಸ್ಸಿಳಿದರೆ, ಅಜ್ಜಿ ತಿರುಗಿ ನೋಡಿದ್ದು ಕಣ್ಣಿಗೆ ಕಟ್ಟುವುದು. ಹೇಳಿದರೂ ನಂಬುತ್ತಾರೆಯೇ? ಮುದುಕಿಯನ್ನು ಉಳಿಸಲು ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದರೆ? ತಾನು ಹೋಗುವುದು ಅಜ್ಜಿಗಾಗಿಯೋ, ಎದೆಯ ಮೇಲಿನ ಭಾರ ಇಳಿಸಿಕೊಳ್ಳುವುದಕ್ಕೋ? ಬೆಳಿಗ್ಗೆ ಒಂದು ಉತ್ತರ, ಸಂಜೆ ಇನ್ನೊಂದು.

ಅಪ್ಪನಿಗೆ ಎಲ್ಲ ಹೇಳಿದಳು. ಈ ಸಲ ಅವನು ಜೋಕು ಮಾಡಲಿಲ್ಲ. ಊಟದ ತಟ್ಟೆ ಸರಿಸಿದ. "ನಂಗೂ ಗೊತ್ತಾಗ್ತಿಲ್ಲ ಮಗಳೇ. ಲಿಫ್ಟ್ ಮಧ್ಯ ನಿಂತಾಗ ನಾವು ಮೊದಲು ಮಷೀನ್ ನೋಡಲ್ಲ. ಒಳಗೆ ಯಾರಾದ್ರೂ ಇದಾರಾ ಅಂತ ಕೂಗ್ತೀವಿ." ಇಷ್ಟು ಹೇಳಿ ತಟ್ಟೆ ತೊಳೆಯಲು ಎದ್ದ. ಒಳಗೆ ಯಾರಿದ್ದಾರೆ ಎಂಬುದು ಅವಳಿಗೆ ಗೊತ್ತೇ ಇತ್ತು.

ಮರುದಿನ ಅಜ್ಜಿಯ ಕೋಣೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡಳು. ತೊಲೆಗೆ ನೇತುಹಾಕಿದ್ದ ಹತ್ತಾರು ಛತ್ರಿಗಳ ಕೆಳಗೆ ಬಗ್ಗಿ ನಿಂತೇ ಹೇಳಬೇಕಾಯಿತು. ಅಜ್ಜಿ ಕೈಯ ಕೆಲಸ ನಿಲ್ಲಿಸದೆ ಕೇಳಿ, ಹೋಗಿ ಹೇಳು ಎಂದಳು. ಹೇಳಿದ ಧಾಟಿಯಲ್ಲಿ ಕ್ಷಮೆಯಿತ್ತೋ ಬೇಸರವಿತ್ತೋ ಹುಡುಗಿಗೆ ತಿಳಿಯಲಿಲ್ಲ.

ಸಾಕ್ಷಿ ಕಟಕಟೆ ಅವಳೆಣಿಸಿದ್ದಕ್ಕಿಂತ ಚಿಕ್ಕದಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಎದುರು ಪಕ್ಷದ ವಕೀಲ ಮೆತ್ತಗೆ ಶುರು ಮಾಡಿದ. ನೀವು ವಕೀಲರೇ? ಅಲ್ಲ. ಕಾನೂನು ಓದಿದ್ದೀರಾ? ಇಲ್ಲ. ಕಚೇರಿಯ ನಿಯಮ ಗೊತ್ತಿತ್ತೇ? ಗೊತ್ತಿತ್ತು. ಮುರಿದಿರಿ? ಮುರಿದೆ. ಎಷ್ಟು ಸಲ? ಆರು ತಿಂಗಳು, ದಿನವೂ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಹಾಗಾದ್ರೆ ಯಾವುದು ಬೇಕು, ಯಾವುದು ಬೇಡ ಅಂತ ಯಾವ ಆಧಾರದ ಮೇಲೆ ತೀರ್ಮಾನ ಮಾಡಿದ್ರಿ?"

"ನನಗೆ ಗೊತ್ತು ಅಂದ್ಕೊಂಡಿದ್ದೆ," ಎಂದಳು. ಯಾರೂ ಕೇಳದಿದ್ದರೂ ಮುಂದುವರಿಸಿದಳು. "ಅಜ್ಜಿ ಎಲ್ಲಾ ಬರ್ದಿದ್ದೀಯಾ ಅಂತ ಕೇಳಿದ್ರು. ಬೇಕಾದ್ದೆಲ್ಲಾ ಬರ್ದಿದ್ದೀನಿ ಅಂದೆ. ಅದನ್ನ ನಂಬಿ ಸಹಿ ಹಾಕಿದ್ರು."

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು, ಆಮೇಲೆ ಬರೆದುಕೊಂಡರು. ತನ್ನ ಮಾನವನ್ನು ತಾನೇ ಹರಾಜು ಹಾಕಿಕೊಳ್ಳಲು ಸುಳ್ಳು ಹೇಳುವವರು ಕಡಿಮೆ ಎಂದುಕೊಂಡರೋ ಏನೋ, ಕೂಡಲೇ ಕೋಣೆ ಬಿಡಿಸಬೇಕೆಂಬ ಕೋರಿಕೆಯನ್ನು ತಳ್ಳಿಹಾಕಿದರು. ಅಜ್ಜಿ ಹೊಸದಾಗಿ ಉತ್ತರ ಸಲ್ಲಿಸಲಿ, ಪೂರ್ತಿ ವಿಚಾರಣೆ ಮುಗಿಯುವವರೆಗೆ ಕೋಣೆಯಲ್ಲೇ ಇರಲಿ ಎಂದರು. ಕಾನೂನು ಸಹಾಯದ ಕಚೇರಿಯವರು ತಮ್ಮ ನಿಯಮವನ್ನು ತಾವೇ ಪಾಲಿಸುವುದು ಒಳ್ಳೆಯದೆಂದೂ ಸೇರಿಸಿದರು. ವಕೀಲರು ತಲೆ ತಗ್ಗಿಸಿದರು.

ಫೆಲೋಶಿಪ್ಪಿನವರು ಎಚ್ಚರಿಕೆಯ ಪತ್ರ ಕಳಿಸಿ, ಕೆಲಸದಲ್ಲಿ ಉಳಿಸಿಕೊಂಡರು. ಕಾಲೇಜಿನ ಪತ್ರ ಇನ್ನೂ ಚೀಲದಲ್ಲೇ ಇತ್ತು, ಐದು ಸಾಲೂ ಖಾಲಿ.

ನಾಲ್ಕು ದಿನ ಬಿಟ್ಟು ಅಜ್ಜಿ ಬಂದು ಅದೇ ಕುರ್ಚಿಯಲ್ಲಿ ಕೂತಳು. ಫೈಲಮ್ಮ ಹಳದಿ ಹಾಳೆಗಳ ಕಟ್ಟನ್ನೇ ತಂದಿಟ್ಟು, ಮೇಜಿನ ಕೆಳಗಿದ್ದ ಕಸದ ಬುಟ್ಟಿಯನ್ನು ಎತ್ತಿಕೊಂಡು ಹೋದಳು. ಅಜ್ಜಿ ಶುರು ಮಾಡಿದಳು. ಗಂಡ ಸತ್ತ, ಹುಡುಗಿ ಬರೆದಳು. ನಾಯಿ ಬಂತು, ಬರೆದಳು. ಕೈ ಹಿಡಿದು ಕರೆದುಕೊಂಡು ಹೋದರು, ಬರೆದಳು. ಎರಡನೇ ಸಲ ಬಂದಾಗ ಎರಡನೇ ಸಲ ಬರೆದಳು. ಮೂರನೇ ಸಲ ಪೆನ್ನು ನಿಲ್ಲಿಸಿ, ಅಂದು ಕೇಳಬೇಕಿದ್ದದ್ದನ್ನು ಇಂದು ಕೇಳಿದಳು, ಅದನ್ನೇ ಯಾಕೆ ಅಷ್ಟು ಸಲ ಹೇಳುತ್ತೀರಿ ಎಂದು.

ಅಜ್ಜಿ ತನ್ನ ಅಂಗೈ ನೋಡಿಕೊಂಡಳು. "ಮಳೆ ಬರ್ತಿತ್ತು. ನನ್ನ ಕೈಯೆಲ್ಲಾ ತಂತಿ ತುಕ್ಕು, ಕೊಳೆ. ನಾನೇ ಎಳ್ಕೊಂಡೆ. ಅವರು ಬಿಡ್ಲಿಲ್ಲ, ಬಾಗಿಲ ತನಕ ಹಾಗೇ ಹಿಡ್ಕೊಂಡ್ ಬಂದ್ರು." ಹುಡುಗಿ ಬರೆಯತೊಡಗಿದ್ದನ್ನು ಕಂಡು ಅವಳು ಹಾಳೆಯ ಮೇಲೆ ಬಗ್ಗಿದಳು. "ಇದೂ ಬೇಕಾದ್ದಾ ಕೋರ್ಟಿಗೆ?"

"ಗೊತ್ತಿಲ್ಲ ಅಜ್ಜಿ," ಎಂದಳು ಅರ್ಧ ಲಾಯರಮ್ಮ, ಮತ್ತು ತುಕ್ಕು, ಕೊಳೆ ಎಂದು ಬರೆದಳು.