ಮೇಷ್ಟ್ರ ನಾಯಿ ನುಂಗಿದ ಹುರಿ

ಪಶುವೈದ್ಯೆಯಾಗಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಹೊಳೆನರಸೀಪುರದಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮಲ್ಲಿಗೆ ಬರುತ್ತಿದ್ದದ್ದು ಹಸು, ಎಮ್ಮೆ, ಆಡು, ಕುರಿ. ಯಾರಾದರೂ ನಾಯಿ ಹಿಡಿದುಕೊಂಡು ಬಂದರೆ ಸಾಲಿನಲ್ಲಿ ನಿಂತವರೇ ಕಿಚಾಯಿಸುತ್ತಿದ್ದರು. ‘ಎಷ್ಟ್ ಲೀಟ್ರು ಕೊಡ್ತದೆ ಸಾ ಇದು?’ ಅನ್ನುವುದು ಅಲ್ಲಿಯ ಮಾಮೂಲಿ ತಮಾಷೆ. ನಾಯಿಗಳ ವಿಷಯದಲ್ಲಿ ನನ್ನ ಅನುಭವವೂ ಅಷ್ಟಕ್ಕಷ್ಟೆ. ಆದರೆ ಬಾಯಿ ಜೋರು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ಆಗ ನನ್ನದಲ್ಲ.

ಯುಗಾದಿ ಕಳೆದು ಒಂದು ವಾರವಾಗಿತ್ತು. ದೇವಸ್ಥಾನದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಕಂದು ಬಣ್ಣದ ನಾಟಿ ನಾಯಿಯೊಂದನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಎರಡು ದಿನದಿಂದ ವಾಂತಿ, ತಟ್ಟೆಯನ್ನು ಮೂಸಿಯೂ ನೋಡುತ್ತಿಲ್ಲ ಎಂದರು. ಏನು ತಿಂದಿತ್ತು ಎಂದು ಕೇಳಿದೆ.

‘ಮೊಸರನ್ನ ಬಿಟ್ಟು ಇನ್ನೇನೂ ಮುಟ್ಟಲ್ಲಮ್ಮ. ನಮ್ಮನೆ ನಾಯಿ ಅಲ್ವೆ?’

ನಾನು ಅರಕಲಗೂಡು ಕಡೆಯ ಬೇಸಾಯದ ಮನೆಯವಳು. ನಾಯಿಗೆ ಮಡಿ ಮೈಲಿಗೆ ಇಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆ ಬಿಳಿ ಪಂಚೆ, ಹಣೆಯ ನಾಮ ನೋಡಿ ಎರಡನೆಯ ಪ್ರಶ್ನೆ ನಾಲಿಗೆಯಲ್ಲೇ ಉಳಿಯಿತು. ಅಂಥವರ ಹತ್ತಿರ ‘ಮೂಳೆಗೀಳೆ ತಿಂತಾ?’ ಎಂದು ಕೇಳಿದರೆ ಬೈದಂತೆ ಆಗುತ್ತದೆ ಅನ್ನಿಸಿತು. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು, ಸಲೈನ್ ಹಾಕಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ಬಂದಾಗ ನಾಯಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಬಾಲ ಎತ್ತಿ ನೋಡಿದರೆ ಕೆಳಗೆ ಒಂದಿಂಚು ದಾರ ಜೋತುಬಿದ್ದಿತ್ತು. ‘ದೇವರ ಹೂವಿನ ದಾರ ಇರಬೇಕು’ ಎಂದರು ಮೇಷ್ಟ್ರು. ಇರಬಹುದು ಅಂದುಕೊಂಡೆ. ಚಿಮಟದಲ್ಲಿ ಹಿಡಿದು ಎಳೆದೆ. ಬೆರಳುದ್ದ ಬಂತು, ಆಮೇಲೆ ಬಿಗಿಯಾಯಿತು. ಇನ್ನೊಂದು ಸಲ ಎಳೆದೆ. ನಾಯಿ ಕಿರುಚಿಕೊಂಡಿತು.

ಆಗ ತಲೆ ಕೆಲಸ ಮಾಡಿತು. ನುಂಗಿದ ದಾರದ ತುದಿ ಕಂಡರೆ ಎಳೆಯಬಾರದು, ಇನ್ನೊಂದು ತುದಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕು, ಮೊದಲು ನಾಲಿಗೆಯ ಕೆಳಗೆ ನೋಡಬೇಕು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದವಳು ನಾನು. ಬಾಯಿ ಬಿಡಿಸಿ ನಾಲಿಗೆ ಎತ್ತಿದೆ. ಅದರ ಬುಡಕ್ಕೆ ಸುತ್ತಿಕೊಂಡು, ಮಾಂಸವನ್ನು ಕೊಯ್ದು ಇಳಿದಿತ್ತು ಸೆಣಬಿನ ಹುರಿ. ಅರಿಸಿನದ ಹಳದಿ ಇನ್ನೂ ಹೋಗಿರಲಿಲ್ಲ.

ನೋಡಿದ ಕೂಡಲೇ ಗುರುತು ಸಿಕ್ಕಿತು. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಹೊಸತೊಡಕು, ಮಾಂಸದೂಟ. ಮಿಕ್ಕ ಮಾಂಸಕ್ಕೆ ಉಪ್ಪು ಅರಿಸಿನ ಸವರಿ, ದಬ್ಬಳವೆಂಬ ದಪ್ಪ ಸೂಜಿಯಲ್ಲಿ ಹುರಿಗೆ ಪೋಣಿಸಿ, ಬಿಸಿಲಿಗೆ ಕಟ್ಟಿ ಒಣಗಿಸುತ್ತಾರೆ. ಅದೇ ಕೊರಬಾಡು. ನಮ್ಮಮ್ಮ ವರ್ಷವೂ ಕಟ್ಟುತ್ತಿದ್ದಳು. ನಾಲಿಗೆಯ ಸುತ್ತಿನ ಹುರಿ ಕತ್ತರಿಸಿದೆ. ದಬ್ಬಳವೂ ಹೊಟ್ಟೆಗೆ ಹೋಗಿದೆಯೋ ಏನೋ ಎಂಬ ಭಯ ಶುರುವಾಯಿತು. ಅಕ್ಕಪಕ್ಕದಲ್ಲಿ ಯಾರು ಕೊರಬಾಡು ಹಾಕಿದ್ದರು ಎಂದು ಮೇಷ್ಟ್ರನ್ನು ಕೇಳಿದರೆ, ನೆಲ ನೋಡುತ್ತ ‘ಗೊತ್ತಿಲ್ಲಮ್ಮ’ ಎಂದರು. ನಾನೇ ಅವರ ಹಿತ್ತಿಲಿನ ಹಿಂದಿನ ಮನೆಗೆ ಓಡಿದೆ. ಅಲ್ಲಿಯ ಹೆಂಗಸು ಎದೆ ಬಡಿದುಕೊಂಡಳು.

‘ಅಯ್ಯೋ, ನಮ್ದೇ ಕಣವ್ವ! ಒಂದು ಸರ ಅಂಗೇ ಓಯ್ತು. ದಬ್ಬಳ ಮನೆ ಒಳಗೇ ಐತೆ, ಅದ್ರ ಭಯ ಬ್ಯಾಡ. ಮೇಷ್ಟ್ರಿಗೆ ಯೋಳಿದ್ರೆ ನೊಂದ್ಕೋತಾರೆ ಅಂತ ಸುಮ್ಕಿದ್ದೆ.’

ಬಾಡಿಗೆ ವ್ಯಾನಿನಲ್ಲಿ ನಾಯಿಯನ್ನು ಹಾಸನಕ್ಕೆ ಕರೆದೊಯ್ದೆವು. ಅಲ್ಲಿ ನನಗಿಂತ ಬಹಳ ಹಿರಿಯ ವೈದ್ಯರೊಬ್ಬರು ಹೊಟ್ಟೆ ತೆರೆದರು, ನಾನು ಪಕ್ಕದಲ್ಲಿ ನಿಂತು ಸಹಾಯ ಮಾಡಿದೆ. ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆ ಕಟ್ಟುವಂತೆ ಕರುಳೆಲ್ಲ ಆ ಹುರಿಯ ಮೇಲೆ ಮುದುಡಿಕೊಂಡಿತ್ತು. ಎರಡು ಕಡೆ ಸಣ್ಣ ತೂತು. ಕರುಳಿನ ಕೆಳತುದಿಯಲ್ಲಿ ಮಾತ್ರ ಉದ್ದಕ್ಕೆ ಸೀಳಿಹೋಗಿ, ಹಸಿ ರಕ್ತ ಜಿನುಗುತ್ತಿತ್ತು.

‘ಇದು ಹೊಸದು’ ಎಂದರು ಅವರು. ‘ಯಾರು ಎಳೆದಿದ್ದು?’

‘ನಾನು ಸರ್.’

ಅವರು ಹೊಲಿಯುತ್ತ ಹೋದರು. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮುಂದೆ ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಹೋದ ಮೇಲೂ, ವಾಂತಿ ಎಂದು ಬಂದ ಪ್ರತಿ ನಾಯಿಯ ನಾಲಿಗೆ ಎತ್ತಿ ನೋಡುತ್ತಿದ್ದೆ. ಯಾರ ಮನೆಯವರಾದರೂ ಸರಿ, ಮೂಳೆ, ಮಾಂಸ, ಹುರಿ ಎಂದು ಹೆಸರು ಹೇಳಿ ಕೇಳುತ್ತಿದ್ದೆ. ಕೆಲವರು ಮುಖ ಗಂಟಿಕ್ಕುತ್ತಿದ್ದರು, ಕೇಳುವುದನ್ನು ನಾನು ಬಿಡುತ್ತಿರಲಿಲ್ಲ.

ಆ ನಾಯಿ ಆಪರೇಷನ್ನಿನ ಮಾರನೆಯ ಮಧ್ಯಾಹ್ನ ಹಾಸನದ ಆಸ್ಪತ್ರೆಯಲ್ಲೇ ಸತ್ತಿತು. ಮೇಷ್ಟ್ರು ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಹೋಗಿ ಹೇಳಿದೆ. ಆಗ ಅವರು ಬಾಯಿ ಬಿಟ್ಟರು.

‘ನಾನು ನೋಡಿದ್ದೆನಮ್ಮ. ಹಿತ್ತಿಲ ಗೋಡೆ ಪಕ್ಕ ನಿಂತು ತಿಂತಾ ಇತ್ತು. ಬಾಯಿ ತೊಳೆದು, ಸ್ನಾನ ಮಾಡಿಸಿ ಒಳಗೆ ಬಿಟ್ಕೊಂಡೆ. ನಮ್ಮನೆಯವಳಿಗೆ ಗೊತ್ತಾದ್ರೆ ಅದನ್ನ ಆಚೆ ಅಟ್ಟಿಬಿಡ್ತಾಳೆ ಅಂತ ನಿಮ್ಮ ಹತ್ರಾನೂ ಮುಚ್ಚಿಟ್ಟೆ. ಮೊದಲ ದಿನಾನೇ ಹೇಳಿದ್ದಿದ್ರೆ ಉಳೀತಿತ್ತಾ?’

‘ಉಳೀತಿತ್ತೇನೋ’ ಎಂದೆ. ಅದು ನಿಜ. ನಾನು ಎಳೆಯದೆ ಇದ್ದಿದ್ದರೂ ಉಳಿಯುತ್ತಿತ್ತೇನೋ, ಅದೂ ಅಷ್ಟೇ ನಿಜ. ಹೇಳಿಬಿಡೋಣ ಎಂದು ಅವರ ಪಕ್ಕ ಕೂತೆ. ಅಷ್ಟರಲ್ಲಿ ಅವರು ನನಗೆ ಕೈ ಮುಗಿದರು. ‘ನಿಮ್ಮದೇನೂ ತಪ್ಪಿಲ್ಲಮ್ಮ. ನೀವು ಮಾಡೋದೆಲ್ಲ ಮಾಡಿದ್ರಿ. ಕೊಂದವನು ನಾನು’ ಎಂದರು.

ನನ್ನ ತಪ್ಪು ಹೇಳದೆ ಎದ್ದೆ. ನಾನೂ ಕೈ ಮುಗಿದೆ.

ಹೊಳೆನರಸೀಪುರದಲ್ಲಿ ಇನ್ನೂ ಮೂರು ವರ್ಷ ಇದ್ದೆ. ಬೀದಿಯಲ್ಲಿ ಎದುರಾದಾಗಲೆಲ್ಲ ಮೇಷ್ಟ್ರು ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ನನ್ನನ್ನು ದಾಟಿ ಹೋಗುತ್ತಿದ್ದರು. ನಾನು ಅವರನ್ನು ಹಾಗೆಯೇ ಹೋಗಲು ಬಿಟ್ಟೆ.